ಆರು ಗಂಟೆಯ ಮೇಲೆ ಇಲ್ಲದವರು

“ಕುರ್ಚಿ ತೊಳಿ ಅಂದ್ರ ಮಾರಿ ಏನ್ ನೋಡ್ತಿ? ನಿಮ್ಮಾಂವ ಕುಂತ ಕುರ್ಚಿ. ನೀನ ತೊಳಿ.”

ಮ್ಯಾನೇಜರ್ ಸುಮಂತ ಗೋಮೂತ್ರದ ಬಾಟಲಿಯನ್ನು ನನ್ನ ಕೀಬೋರ್ಡಿನ ಪಕ್ಕ ಇಟ್ಟ. ಇಟ್ಟ ಅನ್ನುವುದು ಮರ್ಯಾದೆಯ ಮಾತು, ಕುಕ್ಕಿದ. ನಾನು ಪಂಚಶೀಲಾ, ಬಿ.ಕಾಂ. ಮಾಡಿ ಕಲಬುರಗಿಯ ಈ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಸೇರಿದ್ದು ಬಿಲ್ಟಿ ಬರೆಯಲಿಕ್ಕೆ; ಯಾರ ಬೇಳೆ ಯಾವ ಲಾರಿಯಲ್ಲಿ ಎಲ್ಲಿಗೆ ಹೋಗುತ್ತದೆ ಎನ್ನುವ ರಸೀದಿ. ಸತ್ತವರ ಕುರ್ಚಿ ತೊಳೆಯಲಿಕ್ಕಲ್ಲ. ಆದರೆ ನಾನೂ ಆ ಕುರ್ಚಿಯಲ್ಲಿ ಕೂರುತ್ತಿದ್ದ ಮಾಪಣ್ಣ ಕಾಕಾನೂ ಒಂದೇ ಜಾತಿಯಲ್ಲಿ ಹುಟ್ಟಿದವರು, ಅದಕ್ಕೇ ಕೆಲಸ ನನಗೆ ಬಂತು. ಸುಮಂತನ ಲೆಕ್ಕ ಅಷ್ಟು ಸರಳ.

ಗೋಮೂತ್ರವನ್ನು ಹಿತ್ತಲ ಮೋರಿಗೆ ಸುರಿದು, ಕುರ್ಚಿಯನ್ನು ನಳದ ನೀರಿನಲ್ಲಿ ಒರೆಸಿದೆ. ಕೈಯಿಡುವ ಜಾಗದಲ್ಲಿ ರೆಕ್ಸಿನ್ ಸವೆದು ಕಾಕಾನ ಮೊಣಕೈಯ ಗುಂಡಿ ಬಿದ್ದಿತ್ತು.

ನಮ್ಮಲ್ಲೊಂದು ರಿವಾಜಿದೆ. ಸಂಜೆ ಆರಕ್ಕೆ ಗುಮಾಸ್ತರೆಲ್ಲ ಬಾಗಿಲ ಬಳಿಯ ಮಷೀನಿಗೆ ಹೆಬ್ಬೆರಳು ಒತ್ತಬೇಕು. ಥ್ಯಾಂಕ್ಯೂ ಅನ್ನುತ್ತದೆ ಮಷೀನು. ಸುಮಂತ ಶಟರನ್ನು ಅರ್ಧ ಇಳಿಸುತ್ತಾನೆ, ನಾವು ಮತ್ತೆ ಬಂದು ಅವೇ ಕುರ್ಚಿಗಳಲ್ಲಿ ಕೂರುತ್ತೇವೆ. ತೊಗರಿ ಸೀಸನ್ನಿನಲ್ಲಿ ಕೊನೆಯ ಲಾರಿ ಹೊರಡುವ ತನಕ ಯಾರೂ ಏಳುವಂತಿಲ್ಲ. ರವಿವಾರವೂ ಹಾಗೇ, ರಜೆ ಮಷೀನಿಗೆ ಮಾತ್ರ. ಹೆಚ್ಚಿನ ಹೊತ್ತಿನ ಓಟಿ ರೊಕ್ಕ ಕೇಳಿದರೆ, ಆರರ ಮೇಲೆ ನೀವು ಇಲ್ಲಿದ್ದಿರಿ ಅನ್ನುವುದಕ್ಕೆ ಏನು ಸಾಕ್ಷಿ ಅನ್ನುತ್ತಾನೆ ಸುಮಂತ. ಕಾಗದದ ಪ್ರಕಾರ ನಾವು ಮನೆಗೆ ಹೋಗಿ ಉಂಡು ಮಲಗಿರುತ್ತೇವೆ.

ಮಾಪಣ್ಣ ಕಾಕಾ ಕಮಲಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದ. ಬಿಲ್ಟಿಗಳಿಗೆ ರಬ್ಬರ್ ಠಸ್ಸೆ ಹೊಡೆಯುವುದು ಅವನ ಕೆಲಸ. ದಾರಿಯಲ್ಲಿ ಮಹಾಗಾಂವ ಬರುವುದರೊಳಗೆ ಬಸ್ಸಿನಲ್ಲಿ ನಿಂತಲ್ಲೇ ನಿದ್ದೆ ಹೊಡೆಯುತ್ತೇನೆ ಎಂದು ನಗುತ್ತಿದ್ದ. ಬುತ್ತಿಯ ಜೊತೆ ಊರಿನ ಕೆಂಪು ಬಾಳೆಹಣ್ಣು ತಂದು ನನಗೊಂದು ಕೊಡುತ್ತಿದ್ದ. ಒಂದು ದಿನ ಹೊತ್ತೇರುವ ತನಕ ಮಲಗಬೇಕು ಅನ್ನುವುದು ಬಿಟ್ಟರೆ ಅವನು ಇನ್ನೇನನ್ನೂ ಆಸೆಪಟ್ಟದ್ದು ನಾನು ಕೇಳಿಲ್ಲ. ಕಳೆದ ಸೀಸನ್ನಿನಲ್ಲಿ ಒಂದು ರಾತ್ರಿ, ಹೆಬ್ಬೆರಳು ಒತ್ತಿ ಬಂದು ಕೂತು ಬಹಳ ಹೊತ್ತಾಗಿತ್ತು, ಅವನ ತಲೆ ಮೇಜಿನ ಮೇಲೆ ಬಿತ್ತು. ನಿದ್ದೆ ಹತ್ತಿರಬೇಕು ಅಂದುಕೊಂಡೆವು. ಸುಮಂತ ಬಂದು ಕುರ್ಚಿಗೆ ಒದ್ದ. ಕಾಕಾ ಏಳಲಿಲ್ಲ.

ಆಂಬುಲೆನ್ಸಿಗಿಂತ ಮೊದಲು ಸುಮಂತ ಮಾಲೀಕ ಸೇಠನಿಗೆ ಫೋನು ಹಚ್ಚಿದ. ಆಮೇಲೆ ಹಮಾಲರಾದ ಅಮೀರ್ ಮತ್ತು ಯಂಕಪ್ಪನನ್ನು ಕರೆದು, ಕಾಕಾನನ್ನು ಅರ್ಧ ಶಟರಿನ ಕೆಳಗಿಂದ ಹೊರಗೆ ಹೊರಿಸಿ, ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಮಲಗಿಸಿದ. ಡ್ಯೂಟಿ ಮುಗಿಸಿ ಹೋದವ ಅಲ್ಲಿ ಸತ್ತ ಎಂದು ಎಲ್ಲರಿಗೂ ಹೇಳಿದ. ನಾನು ಕಂಡದ್ದನ್ನು ಲೇಬರ್ ಆಫೀಸಿಗೆ ಹೋಗಿ ಹೇಳಿದೆ. ಅಲ್ಲಿನವರು ಮಷೀನಿನ ಕಾಗದ ನೋಡಿ, ಆರಕ್ಕೇ ಹೋಗಿದ್ದಾನಲ್ಲಮ್ಮ ಅಂದರು.

ಇಲ್ಲಿ ಚಹಾದಂಗಡಿಯಾಗಿದ್ದದ್ದು ಬಸ್ಸು ಹತ್ತಿ ಕಮಲಾಪುರ ಮುಟ್ಟುವಷ್ಟರಲ್ಲಿ ದಾರೂ ಅಂಗಡಿಯಾಗಿತ್ತು. ಎಲೆ ಅಡಿಕೆಯನ್ನೂ ಮುಟ್ಟದವನು ಕುಡಿದು ಬಿದ್ದು ಸತ್ತ ಎಂದಾಯಿತು. ಅವನ ಹೆಂಡತಿ ತುಳಜಾಬಾಯಿ ನೀರಿಗೆ ಹೋದರೆ ನಳದ ಬಳಿಯ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಪರಿಹಾರದ ರೊಕ್ಕದ ಮಾತು ಆಮೇಲೆ, ಮೊದಲು ಅವನು ದುಡಿಯುತ್ತ ಕುರ್ಚಿಯಲ್ಲೇ ಸತ್ತ ಅಂತ ಅವರು ಬಾಯಿಬಿಟ್ಟು ಹೇಳಲಿ ಎಂದು ಫೋನು ಮಾಡಿದಾಗಲೆಲ್ಲ ಅನ್ನುತ್ತಿದ್ದಳು. ಆ ಒಂದು ಮಾತಿಗಾಗಿ ನಾಲ್ಕಾರು ಸಲ ಬಂದು ಸುಮಂತನ ಮುಂದೆ ನಿಂತಳು. ಅವನು ತಲೆಯೆತ್ತಿ ನೋಡಲಿಲ್ಲ.

ಆಮೇಲೆ ಸದ್ದು ಶುರುವಾಯಿತು. ಶಟರು ಅರ್ಧ ಇಳಿದ ಮೇಲೆ, ಯಾರೂ ಕೂರದ ಆ ಮೇಜಿನಿಂದ ಠಸ್ಸೆ ಬೀಳುವ ಸದ್ದು. ಠಪ್. ಸ್ವಲ್ಪ ಬಿಟ್ಟು ಮತ್ತೆ ಠಪ್. ಮೊದಲು ಅಮೀರ್ ಕೇಳಿದ, ಆಮೇಲೆ ನಾನು. ನಮ್ಮದು ಬುದ್ಧನ ಫೋಟೋ ಇಟ್ಟುಕೊಂಡ ಮನೆ, ದೆವ್ವ ಗಿವ್ವ ನಂಬುವವಳಲ್ಲ ನಾನು. ಆದರೂ ಆ ಮೇಜಿಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟೆ. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಇನ್ನೊಂದು ಯೋಚನೆ: ಆರರ ಮೇಲೆ ಇಲ್ಲಿ ಕೂತವರೆಲ್ಲ ಇಲ್ಲದವರೇ ಆಗಿರುವಾಗ ಕಾಕಾ ಒಬ್ಬನೇ ಹೇಗೆ ದೆವ್ವವಾದಾನು? ನನ್ನ ಕೈಯನ್ನು ನಾನೇ ಚಿವುಟಿ ನೋಡಿಕೊಳ್ಳುತ್ತಿದ್ದೆ.

ಒಂದು ಸಂಜೆ ಸದ್ದು ಸೇಠನ ಕಿವಿಗೂ ಬಿತ್ತು. ಆಫೀಸಿಗೆ ಶಾಂತಿ ಮಾಡಿಸಿ ಎಂದು ಹುಕುಂ ಆಯಿತು. ಕುರ್ಚಿ ತೊಳೆಸಿದ್ದು ಅದಕ್ಕೇ. ಬಕೆಟ್ಟು ಒಳಗಿಟ್ಟು ಬಂದವಳೇ ತುಳಜಾಬಾಯಿಗೆ ಫೋನು ಮಾಡಿ ಪೂಜೆಯ ಸುದ್ದಿ ಹೇಳಿದೆ.

ಪೂಜೆಯನ್ನೂ ಆರರ ಮೇಲೆಯೇ ಇಟ್ಟಿದ್ದರು. ಬೇಸಿಗೆ, ಹೊರಗೆ ಇನ್ನೂ ಬೆಳಕಿತ್ತು. ನಾವು ಹೆಬ್ಬೆರಳು ಒತ್ತಿ, ಥ್ಯಾಂಕ್ಯೂ ಅನ್ನಿಸಿಕೊಂಡು, ಗೋಡೆಗೆ ನಿಂತೆವು. ಸೇಠ ಮಣೆಯ ಮೇಲೆ ಕೂತ. ಶಟರು ಅರ್ಧ ಇಳಿಯಿತು. ಅದರ ಕೆಳಗೆ ತುಳಜಾಬಾಯಿಯ ಕಾಲುಗಳು ಬಂದು ನಿಂತದ್ದು ನನಗೆ ಕಂಡಿತು, ಉಳಿದವರು ಅತ್ತ ನೋಡಲಿಲ್ಲ.

ಪುರೋಹಿತರಾದ ಹಣಮಂತಾಚಾರ್ಯರು ಕಳಸವಿಟ್ಟು ಸಂಕಲ್ಪಕ್ಕೆ ವಿವರ ಕೇಳಿದರು. ಸತ್ತವನ ಹೆಸರೇನು, ಪ್ರಾಣ ಎಲ್ಲಿ ಹೋಯಿತು. ಎದುರಿನ ಚಹಾದಂಗಡಿಯಲ್ಲಿ ಅಂದ ಸುಮಂತ, ಅಭ್ಯಾಸಬಲ.

“ಹಂಗಾದ್ರ ಶಾಂತಿನೂ ಅಲ್ಲೇ ಮಾಡಸ್ರಿ. ನನ್ನ ಇಲ್ಲಿಗೆ ಯಾಕ ಕರ್ಸೀರಿ?”

ಆಚಾರ್ಯರು ದರ್ಭೆಯನ್ನು ಚೀಲಕ್ಕೆ ತುರುಕತೊಡಗಿದರು. ಸಂಕಲ್ಪದಲ್ಲಿ ಜಾಗ ತಪ್ಪು ಹೇಳಿದರೆ ಶಾಂತಿ ಹತ್ತುವುದಿಲ್ಲ, ಇಲ್ಲಿರುವುದು ಇಲ್ಲೇ ಇರುತ್ತದೆ ಎಂದರು. ಸುಮಂತ ಸೇಠನ ಮುಖ ನೋಡಿದ. ಸೇಠ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದ.

“ಇಲ್ಲೇ ಹೋತ್ರಿ,” ಎಂದ ಸುಮಂತ. “ಈ ಕುರ್ಚಿ ಮ್ಯಾಲ. ಠಸ್ಸಿ ಹೊಡಕೋತ ಕುಂತಿದ್ದ, ಹಂಗ ಮುಂದ ಬಿದ್ದ. ಎಂಟೂವರಿ ಆಗಿತ್ತು.”

ಇಷ್ಟು ದಿನ ಹೆಂಡತಿಗೆ ಹೇಳದ ಮಾತನ್ನು ದೆವ್ವಕ್ಕೆ ಹೆದರಿ ಹೇಳಿಬಿಟ್ಟ. ಶಟರಿನ ಕೆಳಗೆ ತಲೆ ತಗ್ಗಿಸಿ ತುಳಜಾಬಾಯಿ ಒಳಗೆ ಬಂದಳು.

“ಇನ್ನೊಮ್ಮೆ ಹೇಳ್ರಿ ಸಾಹೇಬ್ರ. ಕಮಲಾಪುರಕ್ಕ ಬಂದು ನಳದ ಮುಂದ ನಿಂತು ಹೇಳ್ರಿ.”

ಸುಮಂತ ಹೌಹಾರಿದ. ಇದು ದೇವರ ಮುಂದಿನ ಮಾತು, ಹೊರಗೆ ನಡೆಯುವುದಿಲ್ಲ ಎಂದು ತೊದಲಿದ. ಆಮೇಲೆ ಅವನ ಖರೇ ಬಾಯಿ ತೆರೆಯಿತು.

“ಯಾಂವಲೇ ಇಕಿನ್ನ ಒಳಗ ಬಿಟ್ಟಾಂವ, ಭಾಡ್ಯಾಗಳ್ರಾ? ಪೂಜಿ ನಡದಲ್ಲಿ ಮೈಲಿಗಿ ಮಾಡಾಕ ಬಂದಾಳ ರಂಡಿ.”

ತುಳಜಾಬಾಯಿ ದನಿ ಏರಿಸಲಿಲ್ಲ.

“ಮೈ ತೊಳಿವಾಗ ಅವನ ಗಲ್ಲದ ಮ್ಯಾಲ ಶಾಯಿ ಇತ್ತು. ಠಸ್ಸಿ ಶಾಯಿ. ಸಬಕಾರ ಹಚ್ಚಿ ತಿಕ್ಕಿದ್ರೂ ಹೋಗಲಿಲ್ಲ, ಹಂಗ ಮಣ್ಣ ಮಾಡಿದ್ವಿ. ಚಹಾದಂಗಡಿ ಬೆಂಚಿಗೆ ಶಾಯಿ ಇರ್ತದೇನ್ರಿ?”

ಅವಳು ಆಚಾರ್ಯರ ಕಡೆ ತಿರುಗಿ, ಕಿವಿಯಾರೆ ಕೇಳಿದ್ದೀರಿ, ಲೇಬರ್ ಸಾಹೇಬರ ಮುಂದೆ ಇದೇ ಮಾತು ಹೇಳಿ ಅಂದಳು. ನಾನು ಪೂಜೆಗೆ ಬಂದವನು ತಾಯಿ ಎಂದು ಆಚಾರ್ಯರು ದಕ್ಷಿಣೆಯನ್ನೂ ಕೇಳದೆ ಎದ್ದರು. ಶಟರಿನ ಕೆಳಗೆ ಬಾಗಿ ಹೊರಟೇಹೋದರು.

ತುಳಜಾಬಾಯಿ ಹೋಗಿ ಆ ಕುರ್ಚಿಯಲ್ಲಿ ಕೂತಳು. ಮೊಣಕೈ ಆ ಗುಂಡಿಯೊಳಗೆ ಕೂತಿತು.

“ನಮ್ಮನಿಯಾಂವ ದೆವ್ವ ಆಗಾಂವಲ್ಲ. ನಿದ್ದಿಗೆಟ್ಟು ಸತ್ತಾನ, ಮಣ್ಣಾಗ ಮಲಗ್ಯಾನ, ಅವನ್ನ ಎಬ್ಬಸಬ್ಯಾಡ್ರಿ. ಈಗ ಹೇಳಿದ್ದು ಬರದು ಕೊಡೂತನಕ ಈ ಕುರ್ಚಿ ಬಿಟ್ಟು ನಾ ಏಳಂಗಿಲ್ಲ. ಬ್ಯಾಡಂದ್ರ ಹೊತ್ತು ಹೊರಗ ಹಾಕ್ರಿ. ಹಾದಿ ಗೊತ್ತದಲ್ಲ ನಿಮಗ.”

ಹೊರಿರಲೇ ಇಕಿನ್ನ ಎಂದು ಸುಮಂತ ಹಮಾಲರ ಮೇಲೆ ಹರಿಹಾಯ್ದ. ಅಮೀರ್ ತನ್ನ ಅಂಗೈ ನೋಡಿಕೊಳ್ಳುತ್ತ ನಿಂತ. ಯಂಕಪ್ಪ ಹೆಗಲ ಮೇಲಿನ ವಲ್ಲಿಬಟ್ಟೆ ತೆಗೆದು ನೆಲಕ್ಕೆ ಒಗೆದ.

“ಅಂವನ ಭಾರಾನ ಇನ್ನ ಹೆಗಲಿಂದ ಇಳದಿಲ್ರಿ ಸಾಹೇಬ್ರ. ಇಕಿನ್ನ ನೀವ ಹೊರ್ರಿ.”

ಮಡಿಯಲ್ಲಿದ್ದ ಸುಮಂತ ಒಂದು ಹೆಜ್ಜೆ ಹಿಂದೆ ಸರಿದ. ಅವಳನ್ನು ಮುಟ್ಟಿ ಎಬ್ಬಿಸುವುದು ಅವನಿಂದ ಆಗುವ ಕೆಲಸವಲ್ಲ. ತುಳಜಾಬಾಯಿ ಮೇಜಿನ ಮೇಲಿನ ಠಸ್ಸೆಯನ್ನು ಎತ್ತಿ ಬರಿಯ ಮೇಜಿಗೆ ಹೊಡೆದಳು. ಠಪ್. ಸೇಠ ಬೆಚ್ಚಿ ಮಣೆಯಿಂದ ಎದ್ದ. ಅದೇ ಸದ್ದು, ಆದರೆ ಈ ಸಲ ಅದರ ಹಿಂದೆ ಬಳೆ ತೊಡದ ಒಂದು ಕೈಯಿತ್ತು, ಎಲ್ಲರಿಗೂ ಕಾಣುವ ಕೈ. ಅವಳು ಮತ್ತೆ ಹೊಡೆದಳು.

ನಾನು ಶಟರಿನ ಬಳಿ ಹೋದೆ. ನೌಕರಿ ಬೇಕೋ ಬೇಡವೋ ಎಂದು ಸುಮಂತ ಹಿಂದಿನಿಂದ ಕೂಗಿದ. ಬೇಕಿತ್ತು, ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಎರಡೂ ಕೈ ಹಚ್ಚಿ ಶಟರನ್ನು ಪೂರಾ ಮೇಲಕ್ಕೆತ್ತಿದೆ. ಅದು ಕಿರುಚಿಕೊಂಡು ಮೇಲೆ ಹೋಯಿತು. ಲಾರಿಗಳ ಡ್ರೈವರುಗಳು, ಚಹಾದಂಗಡಿಯ ಬೆಂಚಿನ ಮೇಲೆ ಕೂತವರು, ಬಸ್ಸಿಗೆ ಹೊರಟವರು ತಿರುಗಿ ಒಳಗೆ ನೋಡಿದರು. ಆರು ದಾಟಿ ಬಹಳ ಹೊತ್ತಾಗಿತ್ತು. ನಾವೆಲ್ಲ ಅಲ್ಲೇ ಇದ್ದೆವು.