ಹದಿನೇಳನೇ ಮನೆಯ ಸೊನ್ನೆ

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಭೇದಿಯಿಂದ ಶುರು ಮಾಡಿದರೆ ಮೂಗು ಮುರಿಯುತ್ತೀರಿ. ಕಾಲೇಜಿನ ಟೈಂಟೇಬಲ್ಲಿನಿಂದ ಶುರು ಮಾಡಿದರೆ ಆಕಳಿಸುತ್ತೀರಿ. ಈ ಕಥೆಯಲ್ಲಿ ದುರದೃಷ್ಟಕ್ಕೆ ಎರಡೂ ಇವೆ. ಅದಕ್ಕೇ ಮೂರು ದಿನದಿಂದ ಪೆನ್ನಿನ ಕ್ಯಾಪು ಕಚ್ಚುತ್ತ ಕೂತಿದ್ದೇನೆ.

೧. (ಮೊದಲ ಡ್ರಾಫ್ಟು. ಕೈಬಿಟ್ಟದ್ದು.)

ಜನಸೇವೆಯ ಕನಸು ಹೊತ್ತ ಯುವತಿಯೊಬ್ಬಳು ಸಾರ್ವಜನಿಕ ಆರೋಗ್ಯವನ್ನು ಮೈನರ್ ವಿಷಯವಾಗಿ ಆರಿಸಿಕೊಂಡಳು...

"ಸುಳ್ಳು," ಎಂದಳು ಆ ಯುವತಿ, ನಾನು ವಾಕ್ಯ ಮುಗಿಸುವ ಮೊದಲೇ. "ನಂದು ಮೇಜರ್ ಮ್ಯಾಥ್ಸು. ಜೊತೆಗೆ ಬೇರೆ ಡಿಪಾರ್ಟ್‌ಮೆಂಟಿನದು ಒಂದು ಮೈನರ್ ತಗೊಳ್ಳಲೇಬೇಕಿತ್ತು. ಇದಕ್ಕೆ ಶನಿವಾರ ಕ್ಲಾಸಿರಲಿಲ್ಲ, ತಗೊಂಡೆ. ಕನಸು ಗಿನಸು ಎಲ್ಲ ನಿಮ್ದು."

(ಪಾತ್ರಗಳಿಗೆ ಸಲುಗೆ ಕೊಟ್ಟರೆ ಹೀಗೇ, ತಲೆಯ ಮೇಲೆ ಕೂರುತ್ತವೆ.)

೨.

ಸರಿ, ಇದ್ದದ್ದು ಇದ್ದಹಾಗೆ. ಆ ಕ್ಲಾಸಿನಲ್ಲಿ ಕಾನೂನು ಓದುವವರಿದ್ದರು, ಕಟ್ಟಡ ಕಟ್ಟಲು ಕಲಿಯುವವರಿದ್ದರು, ನಾಟಕದವನೂ ಒಬ್ಬನಿದ್ದ. ಮೊದಲ ದಿನವೇ ಮೇಡಂ ಕೇಳಿದರು: "ಒಂದು ಬೀದಿಗೆ ಬೀದಿಯೇ ಹೊಟ್ಟೆ ಕೆಡಿಸ್ಕೊಂಡ್ರೆ ಯಾರನ್ನ ಕರೀತೀರಿ?" ಡಾಕ್ಟರ್ ಎಂದರು ಕೆಲವರು. ಪ್ಲಂಬರ್ ಎಂದ ಒಬ್ಬ. ಇವಳು ಮಾತ್ರ, "ಮೊದಲು ಎಷ್ಟು ಜನಕ್ಕೆ ಅಂತ ಎಣಿಸ್ಬೇಕಲ್ವಾ ಮೇಡಂ?" ಎಂದಳು. ಬಾಯಿ ಬಿಟ್ಟು ಕೆಟ್ಟಳು. ಎಣಿಸುವ ಕೆಲಸ ಅವಳ ಕೊರಳಿಗೇ ಬಿತ್ತು.

ಕಾಲೇಜಿನ ಹಿಂದೆ ಮೂರು ಬೀದಿಗಳಿದ್ದವು. ತಿಂಗಳಿಂದ ಅಲ್ಲಿನ ಮಕ್ಕಳಿಗೆ ಭೇದಿ. ನೀರಿನ ಕಚೇರಿಯ ಬಳಿ ಈ ವರ್ಷ ಒಂದೇ ಬೀದಿಗೆ ಆಗುವಷ್ಟು ಹೊಸ ಪೈಪಿತ್ತು. ಯಾವ ಬೀದಿಗೆ ಎಂಬುದನ್ನು ಇವಳ ಎಣಿಕೆ ಹೇಳಬೇಕು. ಮೂರು ದಿನ ಬೆಳಿಗ್ಗೆ ಹತ್ತಕ್ಕೆ ಹೋಗಿ ಮನೆ ಮನೆ ಬಾಗಿಲು ತಟ್ಟಿದಳು. ಕಾಯಿಲೆ ಬಿದ್ದ ಪ್ರತಿ ಮಗುವಿಗೂ ಬೀದಿಗಳ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕಿ. ಆಗಲೇ ಕ್ಲಾಸಿನವರು ಅವಳಿಗೂ ಚುಕ್ಕಿ ಎಂದು ಹೆಸರಿಟ್ಟರು.

ನಕ್ಷೆಯಲ್ಲಿ ಮೊದಲ ಬೀದಿಯ ತುಂಬ ಚುಕ್ಕಿಯೋ ಚುಕ್ಕಿ. ಕೊನೆಯ ಬೀದಿ ಬೆಳ್ಳಗೆ, ತೊಳೆದಿಟ್ಟಂತೆ. ಮೇಡಂ ಸಹಿ ಹಾಕಿ ನೀರಿನ ಕಚೇರಿಗೆ ಕಳಿಸಿದರು, ಇನ್ನೊಂದು ಪ್ರತಿಯನ್ನು ಡಿಪಾರ್ಟ್‌ಮೆಂಟಿನ ಬಾಗಿಲಿಗೆ ಅಂಟಿಸಿದರು. ಚುಕ್ಕಿಯ ಅಮ್ಮ ಅದರ ಫೋಟೋವನ್ನು ಸೋದರತ್ತೆಯವರೆಗೂ ಕಳಿಸಿ ಬೀಗಿದಳು.

(ಇಲ್ಲಿಗೇ ಮುಗಿಸೋಣವೆಂದು ನನಗೂ ಆಸೆಯಿತ್ತು. ಚೊಕ್ಕ ಕಥೆ, ನಗುವ ತಾಯಿ.)

೩.

ಶುಕ್ರವಾರ ಬೆಳಿಗ್ಗೆ ನಕ್ಷೆಯ ಪ್ರತಿಯೊಂದನ್ನು ಕೊಡಲು ಚುಕ್ಕಿ ಬಡಾವಣೆಯ ಕ್ಲಿನಿಕ್ಕಿಗೆ ಹೋದಳು. ಬೆಂಚಿನ ತುಂಬ ತಾಯಂದಿರು, ಮಡಿಲಲ್ಲಿ ಬಾಡಿದ ಮಕ್ಕಳು. ಒಬ್ಬಾಕೆ ನಕ್ಷೆಯತ್ತ ಬಗ್ಗಿದಳು.

"ನಮ್ಮನೆಗೆ ನೀವು ಬರಲೇ ಇಲ್ಲವಲ್ಲಮ್ಮ?"

"ಯಾವ ಮನೆ ಅಕ್ಕ?"

"ಕೊನೇ ಬೀದಿ, ಹದಿನೇಳು."

"ಬಂದಿದ್ದೆ. ಬೀಗ ಹಾಕಿತ್ತು."

"ಇನ್ನೇನು ಮತ್ತೆ? ಹತ್ತು ಗಂಟೆಗೆ ನಮ್ಮ ಬೀದಿಯೋರೆಲ್ಲ ಇಲ್ಲೇ ಕೂತಿರ್ತೀವಿ, ಇವನ್ನ ಎತ್ಕೊಂಡು."

ಚುಕ್ಕಿ ತನ್ನ ಫಾರಂ ತೆಗೆದು ನೋಡಿದಳು. ಫಾರಂನಲ್ಲಿ ಖಾಲಿ ಜಾಗ ಬಿಟ್ಟರೆ ಕಂಪ್ಯೂಟರು ಸರಾಸರಿ ತೆಗೆಯುತ್ತಿರಲಿಲ್ಲ. ಹಾಗಾಗಿ ಬೀಗ ಬಿದ್ದ ಮನೆಗಳಿಗೆಲ್ಲ ಗಣಿತದ ಹುಡುಗಿ ಸೊನ್ನೆ ತುಂಬಿದ್ದಳು. ಕೊನೆಯ ಬೀದಿಯ ಇಪ್ಪತ್ತಾರು ಮನೆಗಳಲ್ಲಿ ಹತ್ತೊಂಬತ್ತಕ್ಕೆ ಬೀಗ. ಕಾಯಿಲೆ ಹೆಚ್ಚಾಗಿದ್ದಕ್ಕೇ ಬಾಗಿಲು ಮುಚ್ಚಿದ್ದವು, ಬಾಗಿಲು ಮುಚ್ಚಿದ್ದಕ್ಕೇ ಅವಳು ಕಾಯಿಲೆ ಇಲ್ಲವೆಂದು ಬರೆದಿದ್ದಳು.

೪.

ಇಲ್ಲಿ ನಾನು ಅವಳಿಗೊಂದು ಉಪಾಯ ಹೇಳಿಕೊಟ್ಟೆ. "ಸುಮ್ಮನಿದ್ದುಬಿಡು. ಯಾರಿಗೂ ಗೊತ್ತಾಗಲ್ಲ. ಮೊದಲ ಬೀದಿಯಲ್ಲೂ ಮಕ್ಕಳೇ ಇರೋದು."

"ನಿಮಗೆ ನಾಚಿಕೆ ಆಗಲ್ವಾ?" ಎಂದಳು. (ಆಯಿತು, ಸ್ವಲ್ಪ.)

ಬಾಗಿಲಿನ ನಕ್ಷೆಯನ್ನು ತಾನೇ ಕಿತ್ತು ಮೇಡಂ ಮುಂದೆ ಇಟ್ಟಳು. ಬೀಗದ ಮನೆಗಳಿಗೆ ಸೊನ್ನೆ ಬರೆದದ್ದನ್ನು ಹೇಳಿದಳು. ಮೇಡಂ ನಕ್ಷೆಯನ್ನು ಎತ್ತಿಕೊಂಡರು.

"ಇದರ ಮೇಲೆ ನನ್ನ ಸಹಿನೂ ಇದೆಯಲ್ಲೇ. ನಾನೂ ಕೇಳ್ಲಿಲ್ಲ, ಯಾಕಿಷ್ಟು ಬೆಳ್ಳಗಿದೆ ಅಂತ. ನಡಿ, ಇಬ್ಬರೂ ಹೋಗೋಣ."

ನೀರಿನ ಕಚೇರಿಯ ಪೈಪ್ ಮೇಸ್ತ್ರಿ ಇಬ್ಬರ ಮಾತನ್ನೂ ಕೇಳಿ ತಲೆ ಕೆರೆದುಕೊಂಡ. "ಸೋಮವಾರ ಅಗೀಬೇಕು ಮೇಡಂ. ಅಷ್ಟರೊಳಗೆ ಸರಿಯಾದ ಲೆಕ್ಕ ಕೊಡಿ, ಸಾಹೇಬರಿಗೆ ನಾನೇ ಹೇಳ್ತೀನಿ. ಬರೀ ಬಾಯಿಮಾತಿಗೆ ಪಿಕಾಸಿ ಎತ್ತಕ್ಕಾಗಲ್ಲ."

(ಕ್ಲಿನಿಕ್ಕಿನ ಪುಸ್ತಕ ನೋಡಿದರಾಗದೆ, ಎನ್ನುತ್ತೀರಿ. ಅದರಲ್ಲಿ ಮಗುವಿನ ಹೆಸರು, ವಯಸ್ಸು ಇವೆ. ಬೀದಿ ಬರೆಯುವ ರೂಢಿಯಿಲ್ಲ.)

೫. ಮುಕ್ತಾಯಗಳು. ಬೇಕಾದ್ದು ಆರಿಸಿಕೊಳ್ಳಿ.

ಅ) ಲೆಕ್ಕ ತಡವಾಯಿತು. ಮೊದಲ ಬೀದಿಯನ್ನೇ ಅಗೆದರು. (ನನಗೇ ಇಷ್ಟವಾಗಲಿಲ್ಲ.)

ಆ) ಕೊನೆಯ ಬೀದಿಗೆ ಹೊಸ ಪೈಪು ಬಂತು. ತಿಂಗಳ ನಂತರ ಕ್ಲಿನಿಕ್ಕಿನ ಬೆಂಚು ಖಾಲಿ. ಮಕ್ಕಳೆಲ್ಲ ಗುಣವಾಗಿದ್ದರು.

"ಬೆಂಚು ಖಾಲಿ ಇದ್ರೆ ಗುಣ ಆಯ್ತು ಅಂತ ಹೇಗೆ ಬರೀತೀರಿ?" ಚುಕ್ಕಿ ಕೆಂಡವಾದಳು. "ಅವತ್ತು ಕ್ಲಿನಿಕ್ಕಿಗೆ ರಜಾ ಇರಬಹುದು. ಹೋಗಿ ನೋಡಿದೀರಾ? ನಾನು ಮಾಡಿದ ತಪ್ಪನ್ನೇ ನೀವೂ ಮಾಡ್ತಿದೀರಲ್ಲ!"

'ಆ' ಹೊಡೆದುಹಾಕಿದ್ದೇನೆ. ಏನಾಯಿತೆಂದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ ಕಡೆ ಸುಖಾಂತ್ಯ ತುಂಬುವುದಿಲ್ಲ.

ಗೊತ್ತಿರುವುದು ಇಷ್ಟು. ಫಾರಂಗೆ ಅವಳು ಹೊಸ ಕಾಲಂ ಹಾಕಿದ್ದಾಳೆ: 'ಬೀಗ, ಮತ್ತೆ ಹೋಗಬೇಕು'. ಇವತ್ತು ಶನಿವಾರ, ಅವಳ ರಜೆಯ ದಿನ. ಸಂಜೆ ಆರು ಗಂಟೆ. ಕ್ಲಾಸಿನ ಉಳಿದವರೂ ಎರಡೆರಡು ಮನೆ ಹಂಚಿಕೊಂಡಿದ್ದಾರೆ. ನಾಟಕದವನು ಬೀದಿಯ ತುದಿಯಿಂದಲೇ ದೊಡ್ಡ ದನಿಯಲ್ಲಿ "ಯಾರಿದೀರಿ?" ಎನ್ನುತ್ತಿದ್ದಾನೆ. ಹದಿನೇಳರ ಬಾಗಿಲಿಗೆ ಬೀಗವಿಲ್ಲ. ಚುಕ್ಕಿ ಬಾಗಿಲು ತಟ್ಟಿ ನಿಂತಿದ್ದಾಳೆ, ಫಾರಂನಲ್ಲಿ ಆ ಮನೆಯ ಜಾಗ ಖಾಲಿಯಿದೆ.

"ಬರೆದುಬಿಡಲೇ, ಬಾಗಿಲು ತೆರೆಯಿತು ಅಂತ?" ಎಂದೆ.

"ಇರಿ," ಎಂದಳು. "ಒಳಗಿಂದ ಯಾರೋ ಬರ್ತಿದಾರೆ."