ನಾಲ್ಕು ತಿಂಗಳ ನೇಮ

ಮಿರಜಿನ ಕಣ್ಣಿನ ದವಾಖಾನೆಯಲ್ಲಿ ಪಾರಿಸ ಮಗದುಮ್‌ನನ್ನು ಆಪರೇಶನ್ ಟೇಬಲ್ಲಿನ ಮೇಲೆ ಮಲಗಿಸಿ, ಮುಖಕ್ಕೆ ಹಸಿರು ಬಟ್ಟೆ ಮುಚ್ಚಿ ಇನ್ನೂ ಮೂರು ನಿಮಿಷ ಆಗಿರಲಿಲ್ಲ, ಕೆಮ್ಮು ಬಂತು. ಬಂದು ಹೋಗುವ ಕೆಮ್ಮಲ್ಲ. ತಲೆಯನ್ನು ದಿಂಬಿನಿಂದ ಎತ್ತಿ ಎತ್ತಿ ಹಾಕುವಂಥದು. ಡಾಕ್ಟರು ಎಬ್ಬಿಸಿ ಕೂಡಿಸಿದರು, ನೀರು ಕುಡಿಸಿದರು, ಮತ್ತೆ ಮಲಗಿಸಿದರು. ಮತ್ತೆ ಅದೇ. ಕೊನೆಗೆ ಕೈಗವಸು ತೆಗೆದು ಅವನನ್ನು ಹೊರಗಿನ ಬೆಂಚಿನ ಮೇಲೆ ಹೆಂಡತಿ ಲಕ್ಷ್ಮಿಬಾಯಿಯ ಪಕ್ಕ ತಂದು ಕೂಡಿಸಿದರು.

“ಅಜ್ಜಾ, ಇವತ್ತ ಆಗೂದಿಲ್ಲ,” ಅಂದರು. ಡಾಕ್ಟರು ಅಥಣಿ ಕಡೆಯವರು, ಕನ್ನಡದಲ್ಲೇ ಮಾತಾಡುತ್ತಿದ್ದರು. “ನಾ ಕಣ್ಣಾಗ ಕೈ ಇಟ್ಟಾಗ ಹಿಂಗ ಕೆಮ್ಮಿದ್ರ ಇದ್ದೊಂದು ಕಣ್ಣೂ ಹೋಗ್ತೈತಿ. ಬೀಡಿ, ಸಿಗರೇಟು ಏನರ ಸೇದ್ತೀರೇನು?”

“ಈಗ ಇಲ್ರಿ. ಚಾತುರ್ಮಾಸ ನಡದೈತಲ್ರಿ,” ಎಂದ ಪಾರಿಸ, ಕೊಂಚ ಅಭಿಮಾನದಿಂದಲೇ.

“ಚಾತುರ್ಮಾಸ ಮುಗದ ಮ್ಯಾಲ?”

ಲಕ್ಷ್ಮಿಬಾಯಿ ಬಾಯಿ ಬಿಟ್ಟಳು: “ದೀಪಾವಳಿ ಮುಂಜಾನೆ ಬಸದಿಯಿಂದ ಮನಿಗೂ ಬರೂದಿಲ್ರಿ ಸಾಹೇಬ್ರ. ಸೀದಾ ಅಂಗಡಿಗೆ.”

ಅವರ ಊರು ಉಗಾರ ಬುದ್ರುಕದಲ್ಲಿ ಪಾರಿಸನ ನೇಮ ಎಲ್ಲರಿಗೂ ಗೊತ್ತಿದ್ದದ್ದೇ. ಹಿಂದೊಮ್ಮೆ ಜೈನ ಮುನಿ ಮಹಾರಾಜರು ಚಾತುರ್ಮಾಸಕ್ಕೆ ಊರಿಗೆ ಬಂದಾಗ ಶ್ರಾವಕರು ಒಬ್ಬೊಬ್ಬರು ಒಂದೊಂದನ್ನು ಬಿಟ್ಟರು. ಯಾರೋ ಬೆಲ್ಲ ಬಿಟ್ಟರು, ಯಾರೋ ಹಾಲು ಬಿಟ್ಟರು, ಪಾರಿಸ ಸಿಗರೇಟು ಬಿಟ್ಟ. ಆಷಾಢದಿಂದ ದೀಪಾವಳಿಯವರೆಗೆ, ನಾಲ್ಕು ತಿಂಗಳು. ಅಲ್ಲಿಂದ ಇಪ್ಪತ್ತೆರಡು ವರ್ಷ, ಮಹಾರಾಜರು ಬರಲಿ ಬಿಡಲಿ, ತಾನೇ ಬಸದಿಗೆ ಹೋಗಿ ನೇಮ ಹಿಡಿದ. ಒಂದು ಸಲವೂ ಮುರಿಯಲಿಲ್ಲ. ಉಳಿದ ಎಂಟು ತಿಂಗಳು ಮಾತ್ರ ದಿನಕ್ಕೊಂದು ಪಾಕೀಟು. ಅದರ ಬಗ್ಗೆ ಅವನದೇ ಒಂದು ವಿಚಾರವಿತ್ತು. ಕಬ್ಬು ತೆಗೆದ ಹೊಲವನ್ನು ನಾಲ್ಕು ತಿಂಗಳು ಬೀಳು ಬಿಟ್ಟರೆ ಭೂಮಿ ತಾಕತ್ತು ತುಂಬಿಕೊಳ್ಳುತ್ತದೆ, ಎದೆಯೂ ಹಾಗೆಯೇ. ಭಾದ್ರಪದದ ಹೊತ್ತಿಗೆ ಪ್ರತಿ ವರ್ಷ ಕೆಮ್ಮು ಇಳಿಯುತ್ತಿತ್ತಲ್ಲ, ಅದಕ್ಕಿಂತ ಸಾಕ್ಷಿ ಏನು ಬೇಕು? ಎರಡು ವರ್ಷದಿಂದ ಅದು ಇಳಿದಿರಲಿಲ್ಲ. ಒಮ್ಮೆ ಹೊಳೆಯ ತಂಪು ಗಾಳಿ ಎಂದ, ಒಮ್ಮೆ ಕಬ್ಬಿನ ರವದಿ ಸುಟ್ಟ ಹೊಗೆ ಎಂದ. ಅರವತ್ತೇಳು ವಯಸ್ಸು ಎಂದು ಮಾತ್ರ ಎಂದೂ ಅನ್ನಲಿಲ್ಲ.

ಬಲಗಣ್ಣು ಹರೆಯದಲ್ಲೇ ಕಬ್ಬಿನ ಗರಿ ಚುಚ್ಚಿ ಹೋಗಿತ್ತು. ಈಗ ಎಡಗಣ್ಣಿಗೆ ಪೊರೆ. ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆ ಅವರದು, ಆದರೆ ಆ ಬೆಳಕಿನಲ್ಲೂ ಗಂಗಾಳದೊಳಗೆ ಇರುವೆ ಬಿದ್ದದ್ದು ಅವನಿಗೆ ಕಾಣುತ್ತಿರಲಿಲ್ಲ. ಲಕ್ಷ್ಮಿಬಾಯಿ ಪಕ್ಕ ಕೂತು ಅನ್ನ ಬಿಡಿಸಿ ನೋಡಿ “ಉಣ್ರಿ” ಎಂದ ಮೇಲೆ ತುತ್ತು ಎತ್ತಬೇಕು. ಅವನಿಗೆ ಅದರಷ್ಟು ನಾಚಿಕೆಯ ಸಂಗತಿ ಬೇರೆ ಇರಲಿಲ್ಲ.

ಕಣ್ಣಿನ ಡಾಕ್ಟರು ಅದೇ ದಿನ ಎದೆಯ ಡಾಕ್ಟರ ಕಡೆ ಕಳಿಸಿದರು. ಅವರು ಒಂದು ಕೊಳವೆ ಬಾಯಿಗೆ ಕೊಟ್ಟು, “ಕಾಕಾ, ಊದ್ರಿ, ಇನ್ನೂ, ಇನ್ನೂ” ಎಂದು ಕೂಗುತ್ತಿರುವಾಗಲೇ ಪಾರಿಸನ ಉಸಿರು ಮುಗಿದುಹೋಯಿತು. ಯಂತ್ರದಿಂದ ಬಂದ ಕಾಗದವನ್ನು ಅವರು ನೋಡಿದರು.

“ನಿಮ್ಮ ವಯಸ್ಸಿನ ಗಟ್ಟಿ ಮನಷ್ಯಾ ನೂರು ಊದಿದ್ರ ನೀವು ನಲವತ್ತೈದು ಊದೀರಿ.”

“ವರ್ಷಾ ನಾಕ ತಿಂಗಳ ಆರಾಮ ಕೊಡತೇನ್ರಿ ಎದಿಗೆ. ಹೊಲಾ ಬೀಳ ಬಿಟ್ಟಂಗ.”

“ಹೊಲಾ ತಿರುಗಿ ಬರ್ತೈತಿ ಕಾಕಾ, ಫುಪ್ಪುಸ ಬರೂದಿಲ್ಲ. ನಾಕ ತಿಂಗಳ ಬಿಟ್ರ ಕೆಮ್ಮ ಸಣ್ಣದಾಗ್ತಿತ್ತು, ಖರೆ. ಒಳಗ ಸವದದ್ದು ಹಂಗ ಇತ್ತು. ಅದರ ಮ್ಯಾಲ ಎಂಟ ತಿಂಗಳ ಮತ್ತ ಸವಸೀರಿ. ಹೋದದ್ದು ಹೋತು. ಉಳದದ್ದರ ಉಳೀಲಿ ಅಂದ್ರ ಪೂರ್ತಿ ಬಿಡ್ರಿ.”

ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಕಣ್ಣಿನ ಡಾಕ್ಟರು ದೀಪಾವಳಿಯ ನಂತರ ಎಂಟನೆಯ ದಿನಕ್ಕೆ ತಾರೀಖು ಕೊಟ್ಟು ಒಂದು ಷರತ್ತು ಹಾಕಿದರು. ಅಂಗಾತ ಮಲಗಿ ಇಪ್ಪತ್ತು ನಿಮಿಷ ಕೆಮ್ಮದೆ ಇರಬೇಕು, ಅದನ್ನು ಮನೆಯಲ್ಲಿ ರೂಢಿ ಮಾಡಿಕೊಂಡೇ ಬರಬೇಕು.

ಲಕ್ಷ್ಮಿಬಾಯಿ ಅದನ್ನು ಮನೆಗೆಲಸಕ್ಕೆ ಸೇರಿಸಿಕೊಂಡಳು. ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ಚಾಪೆ ಹಾಸಿ, ಗಂಡನನ್ನು ಮಲಗಿಸಿ, ಮುಖಕ್ಕೆ ಹಳೇ ಸೀರೆಯ ತುಂಡು ಹೊದಿಸಿ ಗಡಿಯಾರದ ಕೆಳಗೆ ಕೂತಳು. ಮೊದಲ ದಿನ ನಾಲ್ಕೇ ನಿಮಿಷ.

“ಸತ್ತಂಗ ಮಲಗ್ರಿ, ಅಳ್ಳಾಡಬ್ಯಾಡ್ರಿ.”

“ಸತ್ತಂಗ ಮಲಗಸಾಕ ಭಾಳ ಹುರುಪು ಐತಲಾ ನಿನಗ!”

“ಹುರುಪಿದ್ರ ಇಷ್ಟ ವರ್ಷ ನಿಮ್ಮ ಕೆಮ್ಮ ಕೇಳ್ಕೋತ ಕುಂಡ್ರತಿದ್ದಿಲ್ಲ. ಮಾತಾಡಬ್ಯಾಡ್ರಿ. ಮಾತಾಡಿದ್ದೂ ಕೆಮ್ಮಿದಂಗ, ಮೊದಲಿಂದ ಎಣಸ್ತೇನಿ.”

ಭಾದ್ರಪದದ ದಶಲಕ್ಷಣ ಪರ್ವದ ಹೊತ್ತಿಗೆ ಹನ್ನೊಂದು ನಿಮಿಷವಾಯಿತು, ದಸರೆಗೆ ಹದಿನಾರು. ದೀಪಾವಳಿಗೆ ಎರಡು ದಿನ ಇರುವಾಗ ಇಪ್ಪತ್ತೊಂದು ನಿಮಿಷ ಮಲಗಿ, ಎದ್ದು ಕೂತು, “ನೋಡ್ದಿ?” ಎಂದು ಬೀಗಿದ.

ದೀಪಾವಳಿ ಮುಂಜಾನೆ ಬಸದಿಯಲ್ಲಿ ನಿರ್ವಾಣದ ಲಾಡು ಏರಿಸಿದ್ದಾಯಿತು. ನೇಮ ಮುಗಿಯಿತು. ಆಪರೇಶನ್ನಿಗೆ ಇನ್ನೂ ಎಂಟು ದಿನವಿತ್ತು. ಕಾಲುಗಳು ತಾವಾಗಿಯೇ ದಶರಥನ ಪಾನಂಗಡಿಯ ಕಡೆ ತಿರುಗಿದವು.

“ಬಾ ಪಾರಿಸಣ್ಣಾ! ನಾಕ ತಿಂಗಳಾತು, ನಿನ್ನ ಪಾಕೀಟು ಉಪವಾಸ ಕುಂತೈತಿ.” ನೇಮ ಮುಗಿದ ದಿನದ ಮೊದಲ ಸಿಗರೇಟನ್ನು ದಶರಥನೇ ಹಚ್ಚಿಕೊಡುವುದು ಇಪ್ಪತ್ತೆರಡು ವರ್ಷದ ಪದ್ಧತಿ.

“ಬ್ಯಾಡೋ ಮಾರಾಯಾ. ಕಣ್ಣಿನ ಆಪರೇಶನ್ ಐತಿ.”

“ಕಣ್ಣಿಲೆ ಸೇದ್ತೀ ಏನ? ಬಾಯಿಲೆ ಸೇದು!”

ಅಂಗಡಿಯ ಬೆಂಚಿನ ಮೇಲಿದ್ದವರು ನಕ್ಕರು, ಪಾರಿಸನೂ ನಕ್ಕ. ನೇಮ ಮುಗಿದಿತ್ತು, ಮುರಿದ ದೋಷವೇನೂ ತಟ್ಟುವುದಿಲ್ಲ. ಒಂದು ಸೇದಿದ. ನಿಂತಲ್ಲೇ ಇನ್ನೊಂದು ಸೇದಿದ.

ಮಧ್ಯಾಹ್ನ ಚಾಪೆಯ ಮೇಲೆ ಮಲಗಿದಾಗ ಲಕ್ಷ್ಮಿಬಾಯಿಗೆ ವಾಸನೆ ಬಡಿಯಿತು. ಆದರೂ ಬಟ್ಟೆ ಹೊದಿಸಿದಳು. ಆರನೆಯ ನಿಮಿಷಕ್ಕೆ ಕೆಮ್ಮು ಎದ್ದಿತು, ಎದ್ದದ್ದು ಬೇಗ ನಿಲ್ಲಲಿಲ್ಲ. ಅವಳು ಸೀರೆಯ ತುಂಡನ್ನು ಮಡಚಿದಳು.

“ನಾ ಇರೂಮಟ ನಿಮ್ಮ ಗಂಗಾಳ ನೋಡತೇನಿ. ನಾ ಹೋದ ಮ್ಯಾಲ ಯಾರ ನೋಡ್ತಾರ, ದಶರಥ ನೋಡ್ತಾನೇನು?”

ಅಷ್ಟೇ ಅಂದಳು. ಮರುದಿನ ಚಾಪೆ ಹಾಸಲಿಲ್ಲ.

ಆ ವರ್ಷ ಊರಲ್ಲಿ ಮಹಾರಾಜರ ಚಾತುರ್ಮಾಸ ನಡೆದಿತ್ತು, ಇನ್ನೊಂದು ದಿನಕ್ಕೆ ಅವರು ಊರು ಬಿಡುವವರಿದ್ದರು. ಮೊದಲ ಸಲ ನೇಮ ಕೊಟ್ಟ ಮಹಾರಾಜರು “ಆಜೀವ ಬಿಡ್ತೀಯೇನು?” ಎಂದು ಕೇಳಿದ್ದರು. ಆಗ ಅವನು ಅಂಜಿದ್ದ. ನಾಲ್ಕು ತಿಂಗಳಾದರೆ ದಂಡೆ ಕಾಣುತ್ತದೆ. ಆಜೀವ ಎಂದರೆ ದಂಡೆಯೇ ಇಲ್ಲ, ಎಂದಾದರೂ ಮುರಿದರೆ ಅದು ಸಾಯುವ ತನಕ ಬೆನ್ನಿಗಿರುತ್ತದೆ. ಆ ಅಂಜಿಕೆಯನ್ನೇ ಇಷ್ಟು ವರ್ಷ ನಿಯತ್ತು ಎಂದುಕೊಂಡಿದ್ದ. ಈಗ ಅದೇ ಅಂಜಿಕೆ ಬೇಕೆನ್ನಿಸಿತು. ಮುರಿಯಲು ಅಂಜುವ ನೇಮವೊಂದೇ ತನ್ನನ್ನು ಹಿಡಿದಿಡುತ್ತದೆ, ಡಾಕ್ಟರ ಮಾತಾಗಲಿ ಹೆಂಡತಿಯ ಮಾತಾಗಲಿ ಹಿಡಿಯುವುದಿಲ್ಲ ಎಂದು ಅವನಿಗೆ ತನ್ನ ಬಗ್ಗೆ ಗೊತ್ತಿತ್ತು.

ಬಸದಿಗೆ ಹೋಗಿ ಮಹಾರಾಜರ ಮುಂದೆ ಕೈಮುಗಿದು ಕೂತ. ಸಿಗರೇಟು ಬಿಡುವ ನೇಮ ಬೇಕೆಂದ.

“ಎಷ್ಟು ದಿನ?”

“ಇರೂಮಟ.”

“ವಿಚಾರ ಮಾಡೀಯೇನು?”

“ವಿಚಾರ ಮಾಡ್ಕೋತನ ಇಪ್ಪತ್ತೆರಡ ವರ್ಷ ಹೋದೂರಿ, ಮಹಾರಾಜ.”

ಮಹಾರಾಜರು ನವಿಲುಗರಿಯ ಪಿಂಛಿಯನ್ನು ಅವನ ತಲೆಯ ಮೇಲೆ ಎತ್ತಿ ಹರಸಿದರು.

ಮನೆಗೆ ಬಂದು ತಾನೇ ಚಾಪೆ ಹಾಸಿಕೊಂಡ. ಲಕ್ಷ್ಮಿಬಾಯಿ ಅಡಿಗೆಮನೆಯಿಂದ ಒಮ್ಮೆ ಇಣುಕಿ, ಕೈ ಒರೆಸಿಕೊಂಡು ಬಂದು ಗಡಿಯಾರದ ಕೆಳಗೆ ಕೂತಳು. ಆ ವಾರ ದಶರಥನ ಅಂಗಡಿ ತಪ್ಪಿಸಲು ಪಾರಿಸ ಹಿತ್ತಲ ಓಣಿಯಿಂದ ತಿರುಗಾಡಿದ. ಮಿರಜಿಗೆ ಹೊರಡುವ ಹಿಂದಿನ ದಿನ ಹತ್ತೊಂಬತ್ತು ನಿಮಿಷ ಮಲಗಿದ್ದ. ಒಂದು ನಿಮಿಷ ಕಡಿಮೆ.

ಡಾಕ್ಟರಿಗೆ ಅದನ್ನು ಮುಚ್ಚಿಡಲಿಲ್ಲ. ಅವರು, “ಬಂದ್ರ ತಡ್ಕೋಬ್ಯಾಡ್ರಿ, ಮೊದಲ ಹೇಳ್ರಿ, ನಾ ಕೈ ತಗೀತೇನಿ” ಅಂದರು. ಹಸಿರು ಬಟ್ಟೆಯ ಕೆಳಗೆ ಪಾರಿಸ ಮನಸ್ಸಿನಲ್ಲೇ ಣಮೋಕಾರ ಮಂತ್ರ ಎಣಿಸುತ್ತ ಮಲಗಿದ. ಬಹಳ ಹೊತ್ತಿನ ಮೇಲೆ ಗಂಟಲ ಕೆಳಗೆ ತುರಿಕೆ ಎದ್ದಿತು. “ಬಂತ್ರಿ,” ಎಂದ. ಕಣ್ಣಿನ ಮೇಲಿನ ಭಾರ ಸರಿಯಿತು. ಎರಡು ಸಲ ಕೆಮ್ಮಿದ, ಎರಡೇ ಸಲ. “ಹೋತ್ರಿ,” ಎಂದ. ಉಳಿದ ಕೆಲಸ ಮುಗಿಯಿತು.

ಮರುದಿನ ಪಟ್ಟಿ ಬಿಚ್ಚಿದಾಗ ಗೋಡೆಯ ಮೇಲಿನ ಅಕ್ಷರದ ಫಲಕದಲ್ಲಿ ಕೆಳಗಿನ ಸಣ್ಣ ಸಾಲಿನವರೆಗೂ ಓದಿದ. ಎದೆಯ ಡಾಕ್ಟರು ಮತ್ತೆ ಊದಿಸಿ ನೋಡಿದರು. ನಲವತ್ತಾರು. “ಇಷ್ಟ. ಇದನ್ನ ಜ್ವಾಕಿ ಮಾಡ್ರಿ ಕಾಕಾ,” ಅಂದರು.

ಅವರ ಕೋಣೆ ಮೂರನೆಯ ಮಾಳಿಗೆಯಲ್ಲಿತ್ತು. ಹೋಗುವಾಗ ನಡೆಯುತ್ತಿದ್ದ ಲಿಫ್ಟು ಆಮೇಲೆ ಕೆಟ್ಟಿತ್ತು. ಔಷಧಿ ಚೀಟಿ ಮರೆತದ್ದು ಕೆಳಗಿಳಿದ ಮೇಲೆ ನೆನಪಾಗಿ ಪಾರಿಸ ತಾನೇ ತರುತ್ತೇನೆಂದು ಮೆಟ್ಟಿಲು ಹತ್ತಿದ. ಪ್ರತಿ ಮೆಟ್ಟಿಲ ಅಂಚೂ, ಮೂಲೆಯಲ್ಲಿ ಉಗುಳಿದ ಕಲೆಯೂ ಸ್ವಚ್ಛ ಕಂಡವು. ಒಂಬತ್ತನೆಯ ಮೆಟ್ಟಿಲಿಗೆ ಪಕ್ಕದ ಕಂಬಿ ಹಿಡಿದು ನಿಂತ.

“ಯಾಕ ನಿಂತ್ರಿ? ಕಾಣಸ್ವಲ್ದೇನು?” ಕೆಳಗಿನಿಂದ ಲಕ್ಷ್ಮಿಬಾಯಿ ಕೇಳಿದಳು.

“ಎಲ್ಲಾ ಕಾಣಸ್ತೈತಿ,” ಎಂದ. ಮುಂದಿನ ಮಾತಿಗೆ ಉಸಿರು ಬರಲು ಸ್ವಲ್ಪ ಹೊತ್ತು ಹಿಡಿಯಿತು. “ದಮ್ಮ ಇಲ್ಲ. ನೀನ ಹೋಗಿ ತಗೊಂಡ ಬಾ.”

ಅವಳು ಹತ್ತಿ ಹೋಗಿ ಚೀಟಿ ತರುವ ತನಕ ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತ.