ಒಂದರ ತಲೆಯ ಮೇಲೊಂದು ಗೆರೆ

ಒಗೆದ ಬಟ್ಟೆಗಳನ್ನು ಹಿತ್ತಲಿನ ತಂತಿಗೆ ಹರವುತ್ತಿದ್ದೆ. ಮಗಳು ಕ್ಲಿಪ್ಪಿನ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ದಪ್ಪ ಹೊದಿಕೆಯ ಒಂದು ತುದಿ ಸಿಕ್ಕಿಸಿ ಇನ್ನೊಂದು ತುದಿ ಎಳೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ನನ್ನ ಕೈ ಒದ್ದೆ.

"ಸ್ಪೀಕರ್ ಹಾಕಿ ಹಿಡ್ಕೊಳ್ಳೇ," ಎಂದೆ.

"ಅಕ್ಕಾ, ಟೈರ್ ಅಂಗಡಿಯಿಂದ. ನಿಮ್ಮ ಗಾಡಿ ನೋಡ್ದೆ. ಮುಂದಿನ ಎರಡೂ ಟೈರು ನನ್ನ ತಲೆ ಥರ ಬೋಳಾಗಿವೆ. ಹಿಂದಿನವು ಇನ್ನೂ ಗಟ್ಟಿಮುಟ್ಟಾಗಿವೆ. ಎಂಟು ಸಾವಿರ ಕಿಲೋಮೀಟರಿಗೊಂದು ಸಲ ಮುಂದಿನದನ್ನ ಹಿಂದಕ್ಕೆ, ಹಿಂದಿನದನ್ನ ಮುಂದಕ್ಕೆ ಹಾಕಿಸಿ ಅಂತ ಬಡ್ಕೊಂಡಿದ್ನಲ್ಲಕ್ಕಾ? ಹದಿಮೂರು ಸಾವಿರ ಓಡಿಸಿದ್ದೀರ. ಒದ್ದೆ ರಸ್ತೇಲಿ ಬ್ರೇಕ್ ಒತ್ತಿದ್ರೆ ಜಾರದೆ ಇನ್ನೇನು ಮಾಡುತ್ತೆ?"

"ಹೂಂ," ಎಂದೆ.

"ಇನ್ನೊಂದು ಮಾತು. ಬಾಗಿಲ ಒಳಗೆ ನಾನು ಅಂಟಿಸಿದ್ದ ಚೀಟೀಲಿ, ಮುಂದಿನ ಸಲ ನಲವತ್ತೇಳು ಸಾವಿರಕ್ಕೆ ಅಂತಿದೆ. ನನ್ನ ಪುಸ್ತಕದಲ್ಲಿ ನಲವತ್ತೊಂದು ಅಂತಿದೆ. ನಾನೇ ತಪ್ಪು ಬರೆದ್ನಾ ಅಂತ ಬೆಳಗಿಂದ ತಲೆ ಕೆಟ್ಟುಹೋಗಿದೆ."

"ಆಮೇಲೆ ಮಾತಾಡ್ತೀನಿ," ಎಂದು ಹೇಳಿ ಮಗಳಿಗೆ ಕಟ್ ಮಾಡು ಎಂದು ಸನ್ನೆ ಮಾಡಿದೆ.

ಅವನು ತಪ್ಪು ಬರೆದಿರಲಿಲ್ಲ. ಇದೆಲ್ಲ ಶುರುವಾದದ್ದು ಶಾಲೆ ತೆರೆಯುವ ಮುಂಚಿನ ತಿಂಗಳಲ್ಲಿ. ನಾನು ಮನೆಯಲ್ಲೇ ಯೂನಿಫಾರ್ಮ್ ಹೊಲಿಯುವವಳು. ಆ ದಿನಗಳಲ್ಲಿ ಮಿಷನ್ನಿನ ಮುಂದಿನಿಂದ ಏಳಲು ಪುರುಸೊತ್ತಿರುವುದಿಲ್ಲ. ಟೈರ್ ಅಂಗಡಿಗೆ ಹೋದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ. ಗಾಡಿ ಒಯ್ಯುವ ಕೆಲಸ ನನ್ನದು, ಪ್ರತಿ ಭಾನುವಾರ ಮೀಟರ್ ಓದಿ, ಚೀಟಿಯ ಅಂಕಿಗೆ ಇನ್ನೆಷ್ಟು ಬಾಕಿ ಎಂದು ಹೇಳುವ ಕೆಲಸ ಮಗಳದು. ಅದನ್ನು ಅವಳಿಗೆ ವಹಿಸಿದ್ದು ಅವಳಪ್ಪ. "ಇನ್ನು ಇನ್ನೂರೇ ಉಳಿದಿರೋದು ಅಮ್ಮಾ" ಎಂದು ಅವಳು ಊಟಕ್ಕೆ ಕೂತಾಗ ಘೋಷಿಸುವುದು, ಇವರು ನನ್ನ ಮುಖ ನೋಡುವುದು. ಸಾಕಾಗಿತ್ತು. ಒಂದು ಬೆಳಿಗ್ಗೆ ಡ್ರೈವರ್ ಸೀಟಿನಲ್ಲಿ ಕೂತು, ಚೀಟಿಯ ಬರಹದ್ದೇ ನೀಲಿ ಬಣ್ಣದ ಪೆನ್ನಿನಿಂದ, ನಲವತ್ತೊಂದರಲ್ಲಿದ್ದ ಒಂದರ ತಲೆಯ ಮೇಲೆ ಅಡ್ಡಗೆರೆ ಎಳೆದೆ. ಒಂದನ್ನು ಎರಡು ಮಾಡುವುದು ಕಷ್ಟ, ಏಳು ಮಾಡುವುದು ಸುಲಭ, ಅಷ್ಟೇ ಯೋಚಿಸಿದ್ದು. ಹೊಲಿಗೆ ಮುಗಿದ ತಕ್ಷಣ ಹೋದರಾಯಿತು ಎಂದುಕೊಂಡಿದ್ದೆ. ಹೊಲಿಗೆ ಮುಗಿಯಿತು. ಟೈರು ಮರೆತೇಹೋಯಿತು.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಮುಂದಿನ ಭಾನುವಾರ ಮಗಳು ಓಡಿಬಂದಳು. "ಅಮ್ಮಾ, ಹೋದ ವಾರ ಚೀಟೀಲಿ ನಲವತ್ತೊಂದು ಅಂತಿತ್ತು!"

"ನೀನೇ ತಪ್ಪು ಓದಿರ್ತೀಯ. ಕಣ್ಣು ಬಿಟ್ಟು ನೋಡೇ," ಎಂದೆ.

"ಮೀಟರ್ ಸಾಹೇಬರಿಗೆ ಕನ್ನಡಕ ಕೊಡಿಸ್ಬೇಕು," ಎಂದು ಅವಳಪ್ಪ ನಕ್ಕರು. ಅವಳೂ ನಕ್ಕಳು. ಅಂದಿನಿಂದ ಪಾಠ ಓದುವಾಗ ಪ್ರತಿ ಸಾಲಿನ ಕೆಳಗೂ ಬೆರಳಿಡತೊಡಗಿದಳು. ಸುಲಭದ ಕಳೆಯುವ ಲೆಕ್ಕವನ್ನೂ ಎರಡೆರಡು ಸಲ ಮಾಡಿ, "ಸರಿ ಇದೆಯಾ ಅಮ್ಮಾ?" ಎಂದು ತಂದು ತೋರಿಸುತ್ತಿದ್ದಳು. ನಾನು ನೋಡಿ ತಲೆಯಾಡಿಸುತ್ತಿದ್ದೆ.

ಹೋದ ಗುರುವಾರ ಇವರು ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯುವಾಗ ತಿರುವಿನಲ್ಲಿ ಗಾಡಿ ಜಾರಿ ಗೋಡೆಗೆ ಉಜ್ಜಿತು. ಅತ್ತೆಯ ಮಣಿಕಟ್ಟು ಮುರಿಯಿತು. "ನಾನು ನಿಧಾನಕ್ಕೆ ಹೋಗ್ಬೇಕಿತ್ತಮ್ಮಾ," ಎಂದು ಇವರು ಅವರ ಕಾಲ ಬಳಿ ಕೂತು ಕಣ್ಣೊರೆಸಿಕೊಂಡರು. "ಬಿಡೋ, ಕೇಸ್ ಹಾಕೋದಾದ್ರೆ ಮಳೆ ಮೇಲೆ ಹಾಕೋಣ," ಎಂದರು ಅತ್ತೆ.

ಮರುದಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ಮಗಳ ದನಿ ಕೇಳಿಸಿತು. "ಅಜ್ಜೀ, ಟೈರು ಜಾರಿದ್ದು ನನ್ನಿಂದ್ಲೇ ಇರ್ಬೇಕು. ನಾನು ಮೀಟರ್, ಚೀಟಿ ಸರಿಯಾಗಿ ನೋಡಿದ್ದಿದ್ರೆ ನಿಮಗೆ ಹಿಂಗಾಗ್ತಿರ್ಲಿಲ್ಲ."

ನಾನು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದೆ. ಆಗಲೇ ಹೋಗಿ ಅವಳನ್ನು ಅಪ್ಪಿಕೊಂಡು ಹೇಳಿಬಿಡಬೇಕಿತ್ತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಈಗ ಒಳಗಿನಿಂದ ಅತ್ತೆ ಕೂಗಿದರು. "ಟೈರಿನವನು ಏನಂದ್ನೇ?"

"ಏನಿಲ್ಲ ಅತ್ತೆ," ಎಂದೆ. ಬಾಯಿ ತಾನಾಗಿಯೇ ಆಡಿತು.

ಮಗಳು ಫೋನನ್ನು ಬಕೆಟ್ಟಿನ ಪಕ್ಕದ ಕಲ್ಲಿನ ಮೇಲೆ ಜೋಪಾನವಾಗಿ ಇಟ್ಟಳು. ಡಬ್ಬಿಯಿಂದ ಕ್ಲಿಪ್ಪು ತೆಗೆದು ಕೊಡಲಿಲ್ಲ. ನಾನು ಜೋತುಬಿದ್ದ ಹೊದಿಕೆಯ ತುದಿಯನ್ನು ಹಿಡಿದೇ ನಿಂತೆ. ಅದರ ನೀರು ಮೊಣಕೈಯವರೆಗೂ ಇಳಿಯುತ್ತಿತ್ತು. ಅವಳು ನನ್ನನ್ನೇ ನೇರವಾಗಿ ನೋಡಿದಳು.

"ಅಮ್ಮಾ, ಅವತ್ತು ನಾನು ಸರಿಯಾಗೇ ಓದಿದ್ನಾ?"